ಫ್ಯಾಮಿಲಿ ಗ್ರೂಪ್ ಬಿಡುವ ಮುಂಚೆ ಇಷ್ಟು ಮಾಡಿ ನೋಡಿ

ವಾಟ್ಸಾಪ್‌ನ ಫ್ಯಾಮಿಲಿ ಗ್ರೂಪಿನಿಂದ ಹೊರಗೆ ಬಂದುಬಿಡೋಣ ಅನ್ನಿಸಿದರೆ ಸ್ವಲ್ಪ ತಡೆಯಿರಿ. 2022ರಿಂದ ಗ್ರೂಪ್ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ, ನಿಜ. ಆದರೆ ನಮ್ಮ ಮನೆಗಳಲ್ಲಿ ಅಡ್ಮಿನ್ ಅಂದರೆ ದೊಡ್ಡಪ್ಪನೋ ಚಿಕ್ಕಮ್ಮನೋ ಅಲ್ವಾ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಅದರ ಬದಲು ಗ್ರೂಪನ್ನು ಮ್ಯೂಟ್ ಮಾಡಿ, ಅವಧಿ ಕೇಳಿದಾಗ 'ಯಾವಾಗಲೂ' ಅಂತ ಆರಿಸಿ. ಆಮೇಲೆ ಆರ್ಕೈವ್‌ಗೆ ಹಾಕಿ. ಇದು ಬೇರೆ ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಊಟ ಆದ ಮೇಲೆ ಒಮ್ಮೆ ತೆರೆದು ನೋಡಿದರೆ ಸಾಕು. ಗುಡ್ ಮಾರ್ನಿಂಗ್ ಹೂವುಗಳೆಲ್ಲ ಅಷ್ಟು ಹೊತ್ತಿಗೆ ಬಾಡಿರುತ್ತವೆ!

ಮುನಿಸು ಜಾಸ್ತಿ ಹುಟ್ಟುವುದು ನೀಲಿ ಟಿಕ್‌ನಿಂದ. 'ನೋಡಿದ್ದಾನೆ, ಉತ್ತರ ಮಾತ್ರ ಇಲ್ಲ' ಅಂತ ಶುರುವಾಗುತ್ತದೆ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ರೀಡ್ ರಿಸೀಟ್ಸ್ ಆಫ್ ಮಾಡಬಹುದು. ಆಗ ಬೇರೆಯವರು ಓದಿದ್ದೂ ನಿಮಗೆ ಕಾಣಿಸುವುದಿಲ್ಲ. ಒಳ್ಳೆಯದೇ ಆಯಿತು ಬಿಡಿ. ಆದರೆ ಗ್ರೂಪಿನಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಕಳಿಸಿದವರು ತಮ್ಮ ಮೆಸೇಜ್ ಒತ್ತಿ ಹಿಡಿದು 'ಇನ್ಫೋ' ನೋಡಿದರೆ ಯಾರು ಎಷ್ಟು ಗಂಟೆಗೆ ಓದಿದರು ಅನ್ನುವುದೆಲ್ಲ ಸಿಗುತ್ತದೆ. ಮಗಳ ಸೀಮಂತದ ಫೋಟೊ ಹಾಕಿದ ಅತ್ತೆ ಅದನ್ನು ನೋಡೇ ನೋಡುತ್ತಾರೆ. ಹಾಗಾಗಿ ತೆರೆದ ಮೇಲೆ ಸುಮ್ನೆ ಬರಬೇಡಿ, ಒಂದು ಹಾರ್ಟ್ ಒತ್ತಿ ಬನ್ನಿ.

ಸಾವಿನ ಸುದ್ದಿ ಬಂದಾಗ ಮಾತ್ರ 'ಓಂ ಶಾಂತಿ' ಹಾಕಿ ಮುಗಿಸಬೇಡಿ. ಸಾಧ್ಯವಾದರೆ ಹೋಗಿ ಬನ್ನಿ, ಆಗದಿದ್ದರೆ ಫೋನ್ ಮಾಡಿ ಮಾತಾಡಿ.