ಹಳೆಯ ಕೊಲೆ, ಹೊರದೇಶದಲ್ಲಿರುವ ಆರೋಪಿ: ಹಸ್ತಾಂತರದ ಕಡತ ಕಟ್ಟುವ ಬಗೆ

ಪತ್ರಿಕೆಗಳು ಹಸ್ತಾಂತರವನ್ನು ಎಷ್ಟೋ ಸಲ ‘ಗಡೀಪಾರು’ ಎಂದು ಬರೆಯುತ್ತವೆ. ಎರಡೂ ಬೇರೆ. ಗಡೀಪಾರಿನಲ್ಲಿ ಆ ದೇಶ ತನಗೆ ಬೇಡದವನನ್ನು ತನ್ನ ವೀಸಾ ಕಾನೂನಿನಡಿ ಹೊರಗಟ್ಟುತ್ತದೆ. ಹಸ್ತಾಂತರದಲ್ಲಿ ಆರೋಪಿಯನ್ನು ವಿಚಾರಣೆಗೆ ಒಪ್ಪಿಸಿ ಎಂದು ನಾವು ಕೇಳಬೇಕು, ಅಲ್ಲಿನ ನ್ಯಾಯಾಲಯ ನಮ್ಮ ಕಡತ ಓದಬೇಕು, ಆಮೇಲೆ ಅಲ್ಲಿನ ಸರ್ಕಾರ ಒಪ್ಪಬೇಕು. ಓದುವ ನ್ಯಾಯಾಧೀಶರು ಮಹಜರು ಎಂಬುದನ್ನೇ ಕಂಡವರಲ್ಲ. ಹದಿನೈದು ಇಪ್ಪತ್ತು ವರ್ಷದ ಹಿಂದಿನ ಕೊಲೆಯಾದರೆ ಕಡತದ ಅರ್ಧ ಶ್ರಮ ಒಂದೇ ಪ್ರಶ್ನೆಗೆ ಹೋಗುತ್ತದೆ: ಇಷ್ಟು ದಿನ ಏನು ಮಾಡುತ್ತಿದ್ದಿರಿ?

ಅದಕ್ಕೇ ನಾನು ಸಾಕ್ಷ್ಯ ಮುಟ್ಟುವ ಮೊದಲು ದಿನಾಂಕಗಳ ಪಟ್ಟಿ ಮಾಡುತ್ತೇನೆ. ನಮ್ಮಲ್ಲಿ ಕೊಲೆಗೆ ಕಾಲಮಿತಿ ಇಲ್ಲ. ಸಿಆರ್‌ಪಿಸಿ (2024ರ ಜುಲೈ 1ಕ್ಕೆ ಮುಂಚೆ ಇದ್ದ ದಂಡ ಪ್ರಕ್ರಿಯಾ ಸಂಹಿತೆ, ಈಗ ಅದರ ಜಾಗದಲ್ಲಿ ಬಿಎನ್‌ಎಸ್‌ಎಸ್) ಕಲಂ 468ರ ಮಿತಿ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಆದರೆ ಬ್ರಿಟನ್ನಿನ 2003ರ ಹಸ್ತಾಂತರ ಕಾಯ್ದೆಯ ಕಲಂ 82, ಕಾಲ ಕಳೆದ ಕಾರಣಕ್ಕೆ ಈಗ ಕಳಿಸುವುದು ಅನ್ಯಾಯವೋ ಎಂದು ಕೇಳುತ್ತದೆ. ಓಡಿಹೋಗಿ ತಾನೇ ತಂದುಕೊಂಡ ವಿಳಂಬದ ಲಾಭ ಆರೋಪಿಗೆ ಸಿಗುವುದಿಲ್ಲ ಎಂದು ಅಲ್ಲಿ 1978ರ ಕಾಕಿಸ್ ತೀರ್ಪಿನಿಂದಲೂ ಹೇಳುತ್ತಾ ಬಂದಿದ್ದಾರೆ. ಹಾಗಾಗಿ ಎರಡು ದಿನಾಂಕಗಳ ಮೇಲೆ ಇಡೀ ಕಡತ ನಿಂತಿದೆ: ಆತ ದೇಶ ಬಿಟ್ಟದ್ದು ಯಾವಾಗ, ತನ್ನನ್ನು ಪೊಲೀಸರು ಹುಡುಕುತ್ತಿದ್ದಾರೆ ಎಂದು ಆತನಿಗೆ ಗೊತ್ತಾದದ್ದು ಯಾವಾಗ. ಎಫ್‌ಐಆರ್‌ನಲ್ಲಿ ಹೆಸರೇ ಇಲ್ಲದಾಗ ಸ್ವಂತ ಪಾಸ್‌ಪೋರ್ಟಿನಲ್ಲಿ, ಕೆಲಸದ ವೀಸಾ ಪಡೆದು ಹೋದವನನ್ನು ‘ತಲೆಮರೆಸಿಕೊಂಡವನು’ ಎಂದು ಬರೆದರೆ ಅಲ್ಲಿನ ವಕೀಲರು ಮೊದಲ ದಿನವೇ ಆ ಪದ ಹಿಡಿದು ಕಡತದ ಮರ್ಯಾದೆ ಕಳೆಯುತ್ತಾರೆ. ಹೊರಟ ದಿನಾಂಕವನ್ನು ವಲಸೆ ವಿಭಾಗದ ದಾಖಲೆಯಿಂದಲೇ ತರಿಸಿ. ನೆರೆಯವರ ಮಾತು ಸಾಲದು.

ಪ್ರಕರಣ ‘ಸಿ’ ವರದಿಯಲ್ಲಿ ಮುಚ್ಚಿದ್ದರೆ ಅದನ್ನು ಅಡಗಿಸಬೇಡಿ. ಪತ್ತೆಯಾಗದೆ ಮುಚ್ಚಿತು, ಇಂಥ ಹೊಸ ಸುಳಿವಿನ ಮೇಲೆ ಸಿಆರ್‌ಪಿಸಿ ಕಲಂ 173(8)ರಡಿ ಮುಂದುವರಿದ ತನಿಖೆ ನಡೆಯಿತು ಎಂದು ದಿನಾಂಕ ಸಹಿತ ಬರೆಯಿರಿ. ಏಳು ವರ್ಷ ಕೇಸ್ ಡೈರಿಯಲ್ಲಿ ಏನೂ ಇಲ್ಲವಾದರೆ ಏನೂ ನಡೆಯಲಿಲ್ಲ ಎಂದೇ ಒಪ್ಪಿಕೊಳ್ಳುವುದು ಮೇಲು. ‘ಸತತ ಪ್ರಯತ್ನ ಮಾಡಲಾಯಿತು’ ಎಂಬ ಸಾಲನ್ನು ನಾನು ಎಲ್ಲಿ ಕಂಡರೂ ಹೊಡೆದುಹಾಕುತ್ತೇನೆ.

ಸಾಕ್ಷ್ಯ ಎಷ್ಟು ಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಭಾರತದ ಕೋರಿಕೆಗೆ ಬ್ರಿಟನ್ ಮೇಲ್ನೋಟದ ಪುರಾವೆ ಕೇಳುತ್ತದೆ. ಅಮೆರಿಕಕ್ಕೆ ಆತನೇ ಮಾಡಿರಬಹುದು ಎಂಬ ಸಕಾರಣ ನಂಬಿಕೆ ಸಾಕು. ಕೆನಡಾದಲ್ಲಿ ಸಾಕ್ಷ್ಯದ ಸಾರಾಂಶವನ್ನು ದೃಢೀಕರಿಸಿ ಕಳಿಸಬಹುದು. ಮೂರಕ್ಕೂ ಒಂದೇ ಕಡತ ಹೊಂದುವುದಿಲ್ಲ. ಆ ದೇಶದೊಂದಿಗಿನ ಒಪ್ಪಂದವನ್ನು ಮುಂದಿಟ್ಟುಕೊಂಡೇ ಬರೆಯಲು ಕೂರಬೇಕು. ಫ್ರಾನ್ಸ್‌ನಂಥ ದೇಶಗಳು ತಮ್ಮ ಪ್ರಜೆಗಳನ್ನು ಒಪ್ಪಿಸುವುದೇ ಇಲ್ಲ. ಆರೋಪಿ ಪೌರತ್ವ ಬದಲಿಸಿದ್ದಾನೋ ಎಂಬುದನ್ನು ಮೊದಲ ವಾರವೇ ತಿಳಿದುಕೊಳ್ಳಬೇಕಾದದ್ದು ಇದಕ್ಕೇ.

ನಮ್ಮ ಹೇಳಿಕೆಗಳು ಎಡವುವ ಜಾಗ ಇನ್ನೊಂದು. ಪೊಲೀಸರು ದಾಖಲಿಸುವ ಸಿಆರ್‌ಪಿಸಿ ಕಲಂ 161ರ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಕಲಂ 162 ಅದನ್ನು ನಿಷೇಧಿಸುತ್ತದೆ. ಹೊರಗಿನವರಿಗೆ ಸಹಿ ಇಲ್ಲದ ಹೇಳಿಕೆ ಎಂದರೆ ಪೊಲೀಸರು ಕೂತು ಬರೆದದ್ದು. ಕಡತದ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಈ ನಿಯಮವನ್ನು ಎರಡು ಸಾಲಿನಲ್ಲಿ ವಿವರಿಸಿ. ಮುಖ್ಯವಾದ ಮೂರೋ ನಾಲ್ಕೋ ಸಾಕ್ಷಿಗಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣದ ಮೇಲೆ ದಾಖಲಿಸಿ. ವಯಸ್ಸಾದ ಸಾಕ್ಷಿಗಳಿದ್ದು ಆರೋಪಿ ಸದ್ಯಕ್ಕೆ ಸಿಗುವಂತಿಲ್ಲವಾದರೆ, ಆತನ ಗೈರುಹಾಜರಿಯಲ್ಲೇ ಸಾಕ್ಷ್ಯ ದಾಖಲಿಸುವ ಅವಕಾಶ ಕಲಂ 299ರಲ್ಲಿತ್ತು, ಬಿಎನ್‌ಎಸ್‌ಎಸ್‌ನಲ್ಲಿ ಅದು 335. ಜೊತೆ ಆರೋಪಿಯ ‘ಸ್ವ-ಇಚ್ಛಾ ಹೇಳಿಕೆ’ಯನ್ನು ಇಡಿಯಾಗಿ ಲಗತ್ತಿಸುವುದು ದೊಡ್ಡ ತಪ್ಪು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಮ್ಮಲ್ಲೇ ನಡೆಯುವುದಿಲ್ಲ, ಅಲ್ಲಿ ಅದು ಚಿತ್ರಹಿಂಸೆಯ ವಾದಕ್ಕೆ ಬಾಗಿಲು ತೆರೆಯುತ್ತದೆ. ಆಯುಧವೋ ಒಡವೆಯೋ ಸಿಕ್ಕಿದ್ದರೆ ಅದಕ್ಕೆ ದಾರಿ ತೋರಿದ ವಾಕ್ಯ ಮಾತ್ರ ಇರಲಿ.

ಮುದ್ದೆಮಾಲು (ವಶಪಡಿಸಿಕೊಂಡ ವಸ್ತು) ಕೊಠಡಿಯಲ್ಲಿ ರಕ್ತದ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರೆ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಒಡೆದಿರುತ್ತದೆ. ಒಣಗಿಸಿ ಕಾಗದದಲ್ಲಿ ಸುತ್ತಿದ್ದು ಎಷ್ಟೋ ವರ್ಷದ ಮೇಲೂ ಫಲ ಕೊಟ್ಟೀತು. ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಕಳಿಸುವ ಮುನ್ನ ಪಿ.ಎಫ್. (ವಶಪಡಿಸಿದ ವಸ್ತುಗಳ ಪಟ್ಟಿ) ಸಂಖ್ಯೆ, ಅರಗಿನ ಮುದ್ರೆ, ಯಾರ ಕೈಯಿಂದ ಯಾರ ಕೈಗೆ ಎಂಬ ಸರಪಳಿ ತಾಳೆಯಾಗುತ್ತದೆಯೇ ನೋಡಿ. ಒಂದು ಕೊಂಡಿ ತಪ್ಪಿದ್ದರೂ ವರದಿಗಿಂತ ಆ ಕೊಂಡಿಯ ಮೇಲೇ ಚರ್ಚೆ. ಹೋಲಿಕೆಗೆ ಆರೋಪಿಯ ಮಾದರಿ ಬೇಕಾದರೆ ನ್ಯಾಯಾಲಯದ ಕೋರಿಕೆ ಪತ್ರದ ಮೂಲಕ ಆ ದೇಶದವರಿಂದಲೇ ತೆಗೆಸಬೇಕು. ಗುಟ್ಟಾಗಿ ಲೋಟ, ಸಿಗರೇಟು ತರಿಸುವ ಉಪಾಯ ಬೇಡ.

ಗುರುತು ಸುಲಭ ಅನ್ನಿಸುತ್ತದೆ, ಅಲ್ಲ. ಎಫ್‌ಐಆರ್‌ನಲ್ಲಿ ‘ಮಂಜ’, ಚಾರ್ಜ್‌ಶೀಟಿನಲ್ಲಿ ‘ಮಂಜುನಾಥ’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರೇ ಉಪನಾಮ. ಮೂವರೂ ಒಬ್ಬನೇ ಎಂದು ತೋರಿಸಲು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಅರ್ಜಿ, ಹಳೆಯ ಫೋಟೊ, ಸಿಕ್ಕರೆ ಬೆರಳಚ್ಚು ಜೋಡಿಸಿ. ಅನುವಾದಕರಿಗೆ ಹೆಸರುಗಳ ಒಂದು ಪಟ್ಟಿ ಮೊದಲೇ ಕೊಟ್ಟುಬಿಡಿ. ಇಲ್ಲವಾದರೆ ಕೈಬರಹದ ಕನ್ನಡ ಮಹಜರಿನಿಂದ ಒಂದೇ ಊರು ಮೂರು ಕಾಗುಣಿತದಲ್ಲಿ ಹೊರಬರುತ್ತದೆ.

ಇನ್ನು ಕಾಗದಗಳು: ತನ್ನಷ್ಟಕ್ಕೇ ಪೂರ್ಣವಾದ ಪ್ರಮಾಣಪತ್ರ, ಎಫ್‌ಐಆರ್, ಚಾರ್ಜ್‌ಶೀಟ್, ವಿಚಾರಣೆಗೆ ಆಧಾರವಿದೆ ಎಂಬ ನ್ಯಾಯಾಲಯದ ಆದೇಶ, ಜಾರಿಯಾಗುವವರೆಗೂ ಊರ್ಜಿತವಿರುವ ವಾರಂಟ್, ಕಾನೂನಿನ ಪಠ್ಯ. ಎಲ್ಲದರಲ್ಲೂ ಕಲಂಗಳು ಅಕ್ಷರಶಃ ಒಂದೇ ಇರಬೇಕು. ಕೊಲೆ 2024ರ ಜುಲೈ 1ಕ್ಕೆ ಮುಂಚಿನದಾದರೆ ಐಪಿಸಿ 302. ಅಭ್ಯಾಸಬಲದಿಂದ ಐಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ನ 103 ಬರೆದರೆ ಕಡತ ವಾಪಸ್. ಶವ ಸುಟ್ಟಿದ್ದರೆ, ಹೂತಿದ್ದರೆ ಸಾಕ್ಷ್ಯನಾಶದ ಐಪಿಸಿ 201 ಈಗಲೇ ಸೇರಿಸಿ. 1962ರ ಹಸ್ತಾಂತರ ಕಾಯ್ದೆಯ ಕಲಂ 21ರ ಪ್ರಕಾರ, ಯಾವ ಅಪರಾಧಕ್ಕೆ ಒಪ್ಪಿಸಿದರೋ ಅದನ್ನು ಬಿಟ್ಟು ಹಳೆಯದೊಂದನ್ನು ಆ ದೇಶದ ಒಪ್ಪಿಗೆಯಿಲ್ಲದೆ ಆಮೇಲೆ ಅಂಟಿಸಲಾಗದು. ಕಡತ ರಾಜ್ಯ ಗೃಹ ಇಲಾಖೆಯಿಂದ ಕೇಂದ್ರಕ್ಕೆ ಹೋಗಿ, ವಿದೇಶಾಂಗ ಸಚಿವಾಲಯದ ಸಿಪಿವಿ (ಕಾನ್ಸುಲರ್, ಪಾಸ್‌ಪೋರ್ಟ್, ವೀಸಾ) ವಿಭಾಗದಿಂದ ಹೊರಬೀಳುತ್ತದೆ.

ಇಂಟರ್‌ಪೋಲ್‌ನ ರೆಡ್ ನೋಟಿಸ್ (ಆರೋಪಿಯನ್ನು ಹುಡುಕಿ ಎಂದು ಸದಸ್ಯ ದೇಶಗಳ ಪೊಲೀಸರಿಗೆ ಹೋಗುವ ಕೋರಿಕೆ) ಬಂದರೆ ಅರ್ಧ ಗೆದ್ದಂತೆ ಎಂದುಕೊಳ್ಳುವವರಿದ್ದಾರೆ. ಅದು ವಾರಂಟ್ ಅಲ್ಲ. ಕಡತ ಸಿದ್ಧವಿಲ್ಲದೆ ತಾತ್ಕಾಲಿಕ ಬಂಧನ ಕೇಳುವುದಂತೂ ಅಪಾಯ: ಅಮೆರಿಕದ ಒಪ್ಪಂದದಲ್ಲಿ 60 ದಿನದೊಳಗೆ ಪೂರ್ಣ ಕೋರಿಕೆ ತಲುಪದಿದ್ದರೆ ಆತ ಬಿಡುಗಡೆಯಾಗಬಹುದು, ಎಚ್ಚರವಾಗಿಯೂ ಇರುತ್ತಾನೆ.

ಕೊನೆಗೆ ಭರವಸೆಗಳು. ಆ ದೇಶದಲ್ಲಿ ಮರಣದಂಡನೆ ಇಲ್ಲವಾದರೆ ನಮ್ಮ ಹಸ್ತಾಂತರ ಕಾಯ್ದೆಯ ಕಲಂ 34ಸಿ ಪ್ರಕಾರ ಇಲ್ಲಿಯೂ ಜೀವಾವಧಿಯೇ ಗರಿಷ್ಠ. ಆದರೂ ಕೇಂದ್ರ ಸರ್ಕಾರದ ಲಿಖಿತ ಭರವಸೆ ಬೇಕು, ತನಿಖಾಧಿಕಾರಿ ಕೊಟ್ಟದ್ದು ನಡೆಯದು. ಕೊಟ್ಟ ಮಾತು ಕಟ್ಟಿಹಾಕುತ್ತದೆ. ಸೆರೆವಾಸ 25 ವರ್ಷ ಮೀರದು ಎಂದು ಪೋರ್ಚುಗಲ್‌ಗೆ 2002ರಲ್ಲಿ ಕೊಟ್ಟ ಮಾತನ್ನು ಸುಪ್ರೀಂ ಕೋರ್ಟ್ 2022ರಲ್ಲಿ, ಅಲ್ಲಿಂದ ಕರೆತಂದ ಮುಂಬೈ ಸ್ಫೋಟದ ಅಪರಾಧಿ ಅಬು ಸಲೇಂ ಪ್ರಕರಣದಲ್ಲಿ ಎತ್ತಿಹಿಡಿಯಿತು. ಜೈಲಿನ ವಿಷಯದಲ್ಲಿ ‘ಉತ್ತಮ ವ್ಯವಸ್ಥೆ ಇದೆ’ ಎಂದರೆ ಯಾರೂ ಕೇಳುವುದಿಲ್ಲ. ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಒಬ್ಬ ಕೈದಿಗೆ 3 ಚದರ ಮೀಟರ್ ನೆಲವನ್ನು ಅಳತೆಗೋಲಾಗಿ ಇಟ್ಟಿದೆ. ಯಾವ ಜೈಲು, ಯಾವ ಕೋಣೆ, ಉದ್ದ ಅಗಲ, ಶೌಚಾಲಯ, ವೈದ್ಯರು ಎಂದು ಬರೆಯಬೇಕು. ಕಾರಾಗೃಹ ಇಲಾಖೆಗೆ ಪತ್ರವನ್ನು ಕಡತ ಕಳಿಸಿದ ದಿನವೇ ಹಾಕಿ. 2000ದಲ್ಲಿ ಪಂಜಾಬಿನಲ್ಲಿ ನಡೆದ ಕೊಲೆಯೊಂದರಲ್ಲಿ ಆರೋಪಿಗಳು ಕೆನಡಾದಲ್ಲಿ ಬಂಧಿತರಾದದ್ದು 2012ರಲ್ಲಿ. ಇಂಥ ಭರವಸೆಗಳ ಮೇಲಿನ ವಾದ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಅವರು ಭಾರತಕ್ಕೆ ಬಂದದ್ದು 2019ರ ಜನವರಿಗೆ.

ಆದೇಶ ಅಂತಿಮವಾದ ಮೇಲೆ ಗಡಿಯಾರ ನಮ್ಮ ವಿರುದ್ಧ ಓಡುತ್ತದೆ. ಬ್ರಿಟನ್ 28 ದಿನ, ಅಮೆರಿಕ ಎರಡು ತಿಂಗಳು ಕೊಡುತ್ತದೆ; ಅಷ್ಟರಲ್ಲಿ ಕರೆತರದಿದ್ದರೆ ಬಿಡುಗಡೆ ಕೇಳುವ ಹಕ್ಕು ಆತನಿಗಿದೆ. ಆತನ ಪಾಸ್‌ಪೋರ್ಟ್ ಅವಧಿ ಮುಗಿದಿರುವುದೇ ಹೆಚ್ಚು. ಭಾರತೀಯ ಪ್ರಜೆಯಾಗಿದ್ದರೆ ರಾಯಭಾರ ಕಚೇರಿಯಿಂದ ಎಮರ್ಜೆನ್ಸಿ ಸರ್ಟಿಫಿಕೇಟ್, ಬೆಂಗಾವಲು ತಂಡಕ್ಕೆ ವೀಸಾ, ನೇರ ವಿಮಾನದ ಟಿಕೆಟ್: ಇವನ್ನು ತೀರ್ಪು ಬರುವ ಮೊದಲೇ ಶುರು ಮಾಡಿ. ನಡುವೆ ಬೇರೆ ದೇಶದಲ್ಲಿ ಇಳಿದರೆ ಅಲ್ಲಿಯೂ ಅನುಮತಿ ಬೇಕಾದೀತು.