ಪ್ರವಾಸಕ್ಕೆ ಯಾವ ಕ್ಯಾಮೆರಾ? ಮೊದಲು ತಕ್ಕಡಿ ತನ್ನಿ

ಶನಿವಾರ ನಸುಕಿಗೆ ಬೆಂಗಳೂರು ಬಿಟ್ಟು ಭಾನುವಾರ ರಾತ್ರಿ ಮರಳುವ ಪ್ರವಾಸಕ್ಕೆ ಜೇಬಿಗಿಳಿಯುವ ಕಾಂಪ್ಯಾಕ್ಟ್ ಕ್ಯಾಮೆರಾ ಸಾಕೇ? ಇಲ್ಲ, ದೊಡ್ಡ ಬಾಡಿ, ಎರಡು ಲೆನ್ಸ್ ಹೊರಲೇಬೇಕೇ? ಅಂಗಡಿಯಲ್ಲಿ ಕೇಳಿದರೆ ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ. ಅದು ಇಲ್ಲಿ ಕೆಲಸಕ್ಕೆ ಬಾರದು. ನೀವು ತೆಗೆಯಬೇಕೆಂದಿರುವುದು ಎಷ್ಟು ದೂರದಲ್ಲಿದೆ, ಎಷ್ಟು ಕತ್ತಲಲ್ಲಿದೆ, ಅಲುಗುತ್ತದೆಯೇ ಎಂದು ನೋಡಿ.

ಹಳೆಯ ಚಿತ್ರಗಳ ಎಣಿಕೆ

ಹಿಂದಿನ ಎರಡು ಮೂರು ಪ್ರವಾಸಗಳಿಂದ ನಿಮಗೆ ನಿಜಕ್ಕೂ ಹಿಡಿಸಿದ 50 ಚಿತ್ರ ಆರಿಸಿ. ಪ್ರತಿ ಚಿತ್ರದ ವಿವರ ತೆರೆದರೆ ಫೋಕಲ್ ಲೆಂತ್ (ಈ ಅಂಕಿ ದೊಡ್ಡದಾದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ತರುತ್ತದೆ) ಎಷ್ಟು ಮಿ.ಮೀ. ಎಂದು ಕಾಣುತ್ತದೆ. ಎಪಿಎಸ್-ಸಿ ಕ್ಯಾಮೆರಾದ್ದಾದರೆ (ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಫುಲ್‌ಫ್ರೇಮ್ ಕ್ಯಾಮೆರಾದ್ದಕ್ಕಿಂತ ಚಿಕ್ಕದು) ಆ ಅಂಕಿಯನ್ನು 1.5ರಿಂದ ಗುಣಿಸಿ (ಕ್ಯಾನನ್ ಆದರೆ 1.6). ಫೋನಿನಲ್ಲಿ ತೆಗೆದದ್ದಾದರೆ ಬೆರಳಲ್ಲಿ ಜೂಮ್ ಎಳೆದು ತೆಗೆದವನ್ನು ಬೇರೆ ಇಡಿ. ನಿಮಗೆ ಉದ್ದದ ಲೆನ್ಸ್ ಎಷ್ಟು ಬೇಕೆಂಬುದಕ್ಕೆ ಅವೇ ಸಾಕ್ಷಿ. 50ರಲ್ಲಿ 40 ಚಿತ್ರ 70 ಮಿ.ಮೀ. ಒಳಗೇ ಇದ್ದರೆ, 70-200 ಲೆನ್ಸನ್ನು ಊರೂರು ಹೊತ್ತು ತಿರುಗುವುದು ಬರೀ ಶೋಕಿ.

ಬೇಳೆ ಹೊತ್ತು ನಡೆಯಿರಿ

ಒಂದು ಇಂಚಿನ ಸೆನ್ಸರ್ ಇರುವ ಸೋನಿ ಆರ್‌ಎಕ್ಸ್100 ಮಾರ್ಕ್ 7 ತೂಗುವುದು 302 ಗ್ರಾಂ. ಅದರಲ್ಲೇ 24ರಿಂದ 200 ಮಿ.ಮೀ.ಗೆ ಸಮನಾದ ಜೂಮ್ ಇದೆ. ಅದೇ ಕಂಪನಿಯ ಫುಲ್‌ಫ್ರೇಮ್ ಎ7 ಮಾರ್ಕ್ 4 ಬಾಡಿ 658 ಗ್ರಾಂ, ಎಫ್/2.8ರ (ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು) 24-70 ಲೆನ್ಸಿನ ಎರಡನೇ ಆವೃತ್ತಿ 695, ಅದೇ ಸಾಲಿನ 70-200 ಲೆನ್ಸ್ 1,045. ಕೂಡಿದರೆ ಸುಮಾರು 2.4 ಕೆ.ಜಿ. ಒಂದೂವರೆ ಕೆ.ಜಿ. ಟ್ರೈಪಾಡ್, ಚಾರ್ಜರ್, ಚೀಲ ಎಂದು ಸೇರುತ್ತಾ ಹೋದರೆ 4 ಕೆ.ಜಿ. ದಾಟುತ್ತದೆ. ದೇಶದೊಳಗಿನ ವಿಮಾನದಲ್ಲಿ ಎಕಾನಮಿ ಪ್ರಯಾಣಿಕರು ಒಳಗೆ ಒಯ್ಯುವ ಬ್ಯಾಗಿಗೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ಬಟ್ಟೆಗೆ ಉಳಿಯುವುದು ಮೂರೂ ಇಲ್ಲ. ಬಿಡಿ ಬ್ಯಾಟರಿಗಳನ್ನಂತೂ ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ, ಅವೂ ಕೈಚೀಲದಲ್ಲೇ ಬರಬೇಕು.

ಅಂಕಿ ಓದಿದರೆ ಭಾರ ತಿಳಿಯದು. ಕೆ.ಜಿ. ತೂಕದ ತೊಗರಿಬೇಳೆ ಪ್ಯಾಕೆಟ್ ನಾಲ್ಕನ್ನು ಕ್ಯಾಮೆರಾ ಚೀಲಕ್ಕೆ ತುಂಬಿ, ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಎರಡು ಗಂಟೆ ಸುತ್ತಿ, ಕೊನೆಗೆ ಬಂಡೆ ಹತ್ತಿ ಬನ್ನಿ. ಭುಜ ಗೊಣಗಿದರೆ, ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಏರುವಾಗ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮೇಲೆ ಬೇಕಾದದ್ದೂ ಅಗಲದ ಲೆನ್ಸೇ. ಸುಮಾರು 58 ಅಡಿಯ ಗೊಮ್ಮಟನನ್ನು ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಪೂರ್ತಿ ಹಿಡಿಯಲು 24 ಮಿ.ಮೀ.ನಲ್ಲಿ ಎಂಟೊಂಬತ್ತು ಮೀಟರ್ ದೂರ ಸಾಕು, 50 ಮಿ.ಮೀ. ಆದರೆ ಇಪ್ಪತ್ತು ಮೀಟರಿಗೂ ಹೆಚ್ಚು ಹಿಂದೆ ಸರಿಯಬೇಕು.

ಕತ್ತಲ ಲೆಕ್ಕ

ಕಾಂಪ್ಯಾಕ್ಟ್ ಸೋಲುವುದು ಇಲ್ಲಿ. ಒಂದು ಇಂಚಿನ ಸೆನ್ಸರ್ ಎಂದರೆ ಹೆಸರಿಗಷ್ಟೇ ಇಂಚು, ನಿಜ ಅಳತೆ 13.2 × 8.8 ಮಿ.ಮೀ. ಫುಲ್‌ಫ್ರೇಮ್‌ನದು 36 × 24. ವಿಸ್ತೀರ್ಣದಲ್ಲಿ ಏಳು ಪಟ್ಟಿಗೂ ಹೆಚ್ಚಿನ ಅಂತರ.

ಯಕ್ಷಗಾನದ ರಾತ್ರಿ ಆಟವನ್ನೇ ತೆಗೆದುಕೊಳ್ಳಿ. ವೇಷಧಾರಿ ಸುತ್ತು ಹಾಕುವಾಗ ಮುಖ ಕಲಸಿಹೋಗದಿರಲು ಶಟರ್ ವೇಗ 1/250 ಸೆಕೆಂಡಾದರೂ ಬೇಕು. ರಂಗದ ದೀಪಕ್ಕೆ 85 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ; ಏರಿದಷ್ಟೂ ಚಿತ್ರ ಕಾಳುಕಾಳು) 1600 ಸಾಕಾಯಿತು ಎನ್ನೋಣ. ಅದೇ ಬೆಳಕು, ಅದೇ ಶಟರ್. ಕಾಂಪ್ಯಾಕ್ಟಿನ ಜೂಮ್ ಪೂರ್ತಿ ಎಳೆದಾಗ ಎಫ್/4.5 ಆಗುತ್ತದಲ್ಲ, ಆಗ ಐಎಸ್‌ಒ 10,000ಕ್ಕೆ ಏರಿಸಬೇಕು. ಸೆನ್ಸರ್ ಪುಟ್ಟದು, ಐಎಸ್‌ಒ ದೊಡ್ಡದು: ಕಿರೀಟದ ಕುಸುರಿ, ಮುಖದ ಬಣ್ಣದ ಗೆರೆ ಎಲ್ಲ ಹಿಟ್ಟು ಕಲಸಿದಂತೆ ಕಾಣುತ್ತದೆ. ಫ್ಲಾಶ್ ಹಾಕುತ್ತೇನೆ ಎನ್ನಬೇಡಿ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ.

ಬೇಲೂರು ದೇವಾಲಯದ ಒಳಮಂಟಪ ನವರಂಗವೂ ಕತ್ತಲೇ. ಆದರೆ ಕಂಬ ಕದಲದು. ಮೊಣಕೈ ಎದೆಗೊತ್ತಿ, 2 ಸೆಕೆಂಡ್ ಟೈಮರ್ ಇಟ್ಟು, ಉಸಿರು ಬಿಟ್ಟು ನಿಂತರೆ 1/10 ಸೆಕೆಂಡಿನಲ್ಲೂ ಸ್ಟೆಬಿಲೈಸೇಷನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಕಾಂಪ್ಯಾಕ್ಟ್ ಚೂಪಾದ ಚಿತ್ರ ಕೊಡುತ್ತದೆ. ನಾಲ್ಕೈದು ತೆಗೆದು ಒಂದನ್ನು ಇಟ್ಟುಕೊಳ್ಳಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಪ್ರತ್ಯೇಕ ಅನುಮತಿ ಬೇಕಾದ್ದರಿಂದ ಭಾರದ ಕಿಟ್ ಒಯ್ದವರಿಗೂ ಅಲ್ಲಿ ಕೈಯೇ ಗತಿ. ಹೊರಗೆ ಸೂರಿನಡಿಯ ಮದನಿಕೆಯರಿಗೆ 100-135 ಮಿ.ಮೀ. ಸಾಕು.

ಹಕ್ಕಿ, ಹುಲಿ ಎಂದರೆ ಮಾತೇ ಬೇರೆ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರ ಹೋಗುವುದರಿಂದ 200 ಮಿ.ಮೀ.ನಲ್ಲಿ ಕೊಕ್ಕರೆಗಳ ಗುಂಪು ಸಿಗುತ್ತದೆ. ದೋಣಿಯೂ ಹಕ್ಕಿಯೂ ಅಲುಗುವುದರಿಂದ ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನವಾಗದಿರಲಿ. ಕಬಿನಿ ಸಫಾರಿಗೆ 400 ಮಿ.ಮೀ. ಇಲ್ಲದೆ ಹೊರಡಬೇಡಿ.

ನಡುವಿನ ದಾರಿ

ಕಾಂಪ್ಯಾಕ್ಟ್, ಫುಲ್‌ಫ್ರೇಮ್ ಎರಡರ ನಡುವೆ ಎಪಿಎಸ್-ಸಿ ಮಿರರ್‌ಲೆಸ್ ಇದೆ. ಸೋನಿ ಎ6700 (493 ಗ್ರಾಂ), 18-135 ಲೆನ್ಸ್ (325), ಕತ್ತಲಿಗೆಂದು 35 ಮಿ.ಮೀ. ಎಫ್/1.8 (154): ಮೂರೂ ಸೇರಿ ಒಂದು ಕೆ.ಜಿ. ಒಳಗೆ. ಯಕ್ಷಗಾನ, ಕಾಡು ಎರಡೂ ಇಲ್ಲದ ಕುಟುಂಬದ ಪ್ರವಾಸಕ್ಕೆ ನಮ್ಮ ಮತ ಕಾಂಪ್ಯಾಕ್ಟಿಗೆ. ವರ್ಷಕ್ಕೆ ನಾಲ್ಕಾರು ಬಾರಿ ಕ್ಯಾಮೆರಾಕ್ಕೆಂದೇ ಊರು ಸುತ್ತುವವರಿಗೆ ಈ ಎಪಿಎಸ್-ಸಿ ಜೋಡಣೆ. ಕಾಂಪ್ಯಾಕ್ಟ್ ಅಗ್ಗ ಎಂಬ ಲೆಕ್ಕದಲ್ಲಿ ಮಾತ್ರ ಹೋಗಬೇಡಿ. ಒಳ್ಳೆಯದರ ಬೆಲೆಗೆ ಎಪಿಎಸ್-ಸಿ ಬಾಡಿ, ಲೆನ್ಸ್ ಎರಡೂ ಬರುತ್ತವೆ. ಅಗ್ಗದ ಪುಟ್ಟ ಸೆನ್ಸರಿನದಕ್ಕಿಂತ ನಿಮ್ಮ ಫೋನೇ ಮೇಲು.

ಎಲ್ಲಿ ಕೆಡುತ್ತದೆ

ಜೂಮ್ ಕಾಂಪ್ಯಾಕ್ಟಿನ ಲೆನ್ಸ್ ಹೊರಗೆ ಒಳಗೆ ಆಡುವಾಗ ಗಾಳಿಯ ಜೊತೆ ದೂಳು ಎಳೆದುಕೊಳ್ಳುತ್ತದೆ. ಅದು ಸೆನ್ಸರ್ ಮೇಲೆ ಕೂತರೆ ಬ್ಲೋವರ್‌ನಿಂದ ಹೋಗದು, ಬಿಚ್ಚಿಸಲು ಸರ್ವಿಸ್‌ಗೇ ಕೊಡಬೇಕು. ಹಂಪಿಯಲ್ಲಿ ಬರಿ ಜೇಬಿಗೆ ತುರುಕದೆ ಪೌಚ್‌ನಲ್ಲಿಡಿ. ಬ್ಯಾಟರಿಯೂ ಚಿಕ್ಕದು: ಆರ್‌ಎಕ್ಸ್100 ಮಾರ್ಕ್ 7ಕ್ಕೆ ಕಂಪನಿ ಹೇಳುವುದೇ ಸುಮಾರು 260 ಚಿತ್ರ. ಎರಡು ಬಿಡಿ ಬ್ಯಾಟರಿ ಬೇಕು. ಎಸಿ ರೂಮಿನಿಂದ ಮಂಗಳೂರಿನ ಸೆಕೆಗೆ ಹೊರಬಂದರೆ ಯಾವ ಲೆನ್ಸಿಗೂ ಮಂಜು ಕೂರುತ್ತದೆ. ಜಿಪ್ ಕವರಿನೊಳಗೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ.

ಕೊಳ್ಳುವ ಮುನ್ನ ಬಾಡಿಗೆ

ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ದಿನದ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತವೆ. ಒಂದು ವಾರಾಂತ್ಯ ಕಾಂಪ್ಯಾಕ್ಟ್, ಇನ್ನೊಂದು ವಾರಾಂತ್ಯ ಎಪಿಎಸ್-ಸಿ ತನ್ನಿ, ನಸುಕಿನ ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಯನ್ನು ಎರಡರಲ್ಲೂ ತೆಗೆದು ಹೋಲಿಸಿ. ಒಯ್ಯುವ ಮೊದಲು ಅಂಗಡಿಯಲ್ಲೇ ಎಫ್/16ಕ್ಕೆ ಇಟ್ಟು (ಕಾಂಪ್ಯಾಕ್ಟಿನಲ್ಲಿ ಅಷ್ಟಿಲ್ಲದಿದ್ದರೆ ಎಫ್/11) ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ದೂಳಿದೆ ಎಂದರ್ಥ. ಅಂಗಡಿಯವರಿಗೆ ಆಗಲೇ ತೋರಿಸಿ ರಸೀದಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಸೋಮವಾರ ವಾಪಸ್ ಕೊಡುವಾಗ ಆ ಚುಕ್ಕೆ ನಿಮ್ಮ ಠೇವಣಿಯಿಂದ ಕಳೆಯುತ್ತದೆ.