ನೆರೆ ಊರಿನಲ್ಲಿ ಒಲೆ ಲೆಕ್ಕ: ಆಶ್ರಮದ ಪರಿಹಾರ ಕೆಲಸ ನಾವು ನಡೆಸುವ ಬಗೆ

ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ಊರುಗಳಿಗೆ ನೆರೆ ಬರುವುದು ಹೆಚ್ಚಾಗಿ ಆ ಊರಲ್ಲಿ ಸುರಿದ ಮಳೆಯಿಂದಲ್ಲ, ಮೇಲಿನ ಅಣೆಕಟ್ಟೆ ಬಿಟ್ಟ ನೀರಿನಿಂದ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಹೊಳೆಆಲೂರು, ಪಟ್ಟದಕಲ್ಲು ಮುಳುಗಿದ್ದು ಹಾಗೆಯೇ. 2009ರ ಅಕ್ಟೋಬರ್ ಮೊದಲ ವಾರದ್ದು ಬೇರೆ, ಅದು ನೇರವಾಗಿ ಮಳೆಯ ಹೊಡೆತ, ತಯಾರಿಗೆ ಪುರುಸೊತ್ತೇ ಇಲ್ಲ. ಅಣೆಕಟ್ಟೆಯ ನೆರೆಗಾದರೆ ಒಂದು ದಿನವಾದರೂ ಸಿಗುತ್ತದೆ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟೆಯ ಪೂರ್ಣ ಮಟ್ಟ 2079.50 ಅಡಿ, ಘಟಪ್ರಭೆಯ ಹಿಡಕಲ್‌ದು 2175 ಅಡಿ. ಮಟ್ಟ ಕೊನೆಯ ಎರಡು ಮೂರು ಅಡಿಗೆ ಬಂದು ಒಳಹರಿವು ಇನ್ನೂ ಏರುತ್ತಿದ್ದರೆ ನಾವು ಅಂದೇ ಜೋಳ ಗಿರಣಿಗೆ ಕಳಿಸುತ್ತೇವೆ, ಸಿಲಿಂಡರ್ ಎಣಿಸುತ್ತೇವೆ, ಹತ್ತಿರದ ಮಠಗಳ ದಾಸೋಹದ ಮನೆಯಿಂದ ಕೊಪ್ಪರಿಗೆ ಕೇಳಿಡುತ್ತೇವೆ. ಕೊಪ್ಪರಿಗೆಗೆ ಬಣ್ಣದಲ್ಲಿ ಗುರುತು ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳದಿದ್ದರೆ ವಾಪಸು ಕೊಡುವಾಗ ತಕರಾರು ತಪ್ಪಿದ್ದಲ್ಲ.

ಮೊದಲ ನಾಲ್ಕು ದಿನ ಬೇಯಿಸಿದ ಊಟ, ಆಮೇಲೆ ದಿನಸಿ, ಆಮೇಲೆ ಮನೆ. ಈ ಅನುಕ್ರಮ ತಪ್ಪಿದರೆ ಕೊಟ್ಟದ್ದು ಹಾಳು. ಒಲೆಯೇ ನೀರಲ್ಲಿರುವಾಗ ಅಕ್ಕಿ ಮೂಟೆ ಕೊಟ್ಟು ಏನು ಫಲ? ಕಾಳಜಿ ಕೇಂದ್ರದ (ನೆರೆಯವರಿಗೆ ತೆರೆದ ತಾತ್ಕಾಲಿಕ ಆಸರೆ) ಶಾಲೆಯ ಕೋಣೆಯಲ್ಲಿ ಒಂದು ಮನೆಗೆ ಚಾಪೆಯಷ್ಟೇ ಜಾಗ. ಅಲ್ಲಿ ಮೂಟೆ ನೆನೆಯುತ್ತದೆ, ಕಳುವಾಗುತ್ತದೆ, ಇಲ್ಲವೇ ಅರ್ಧ ಬೆಲೆಗೆ ಮಾರಿಹೋಗುತ್ತದೆ. ಭಕ್ತರು ಮೊದಲ ದಿನವೇ ಲಾರಿ ತುಂಬಿ ಕಳಿಸಲು ಹಾತೊರೆಯುತ್ತಾರೆ. ಅವರಿಗೆ ‘ಇನ್ನೂ ಐದು ದಿನ ತಡೀರಿ’ ಅನ್ನುವುದು ಇಡೀ ಕೆಲಸದಲ್ಲಿ ಕಷ್ಟದ ಮಾತು.

ರಸ್ತೆ ಕಡಿದು ದೋಣಿಯಲ್ಲೇ ಹೋಗಬೇಕಾದ ಊರಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ, ಅವಲಕ್ಕಿ. ತೆಳುವಾಗಿ ಬಡಿದರೆ ಒಂದು ಕಿಲೋ ಹಿಟ್ಟಿಗೆ 16ರಿಂದ 18 ರೊಟ್ಟಿ. ಒಬ್ಬರಿಗೆ ಹೊತ್ತಿಗೆ ಮೂರರಂತೆ ಹಿಡಿಯುತ್ತೇವೆ. ರೊಟ್ಟಿ ಪೂರ್ತಿ ಆರಿ ಮುರಿದರೆ ಕಟಕ್ ಅನ್ನಬೇಕು. ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಶ್ರಾವಣದ ತೇವಕ್ಕೆ ಎರಡನೇ ದಿನವೇ ಬೂಷ್ಟು. ಹತ್ತರ ಕಟ್ಟನ್ನು ಮೊದಲು ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕುತ್ತೇವೆ. ಚುರುಮುರಿ ಹಗುರವೇನೋ ಹೌದು, ಆದರೆ ದೋಣಿಯ ಜಾಗವನ್ನೆಲ್ಲ ಅದೇ ನುಂಗುತ್ತದೆ.

ಚಿತ್ರಾನ್ನದ ಪೊಟ್ಟಣ ಹಳಸುವುದು ಎಲ್ಲರಿಗೂ ಗೊತ್ತು, ಯಾಕೆಂದು ಗೊತ್ತಿರುವವರು ಕಡಿಮೆ. ಬಿಸಿ ಅನ್ನವನ್ನು ಹಾಗೇ ಕಟ್ಟಿದರೆ ಒಳಗೆ ಹಬೆ ನೀರಾಗುತ್ತದೆ, ಪೊಟ್ಟಣ ಗಂಟೆಗಟ್ಟಲೆ ಉಗುರುಬೆಚ್ಚಗೇ ಉಳಿಯುತ್ತದೆ. ಅನ್ನದಲ್ಲಿ ಬೇಯಿಸಿದರೂ ಸಾಯದ ಸೂಕ್ಷ್ಮಾಣುಬೀಜಗಳಿರುತ್ತವೆ. ಅವು ಮೊಳೆಯಲು ಆ ಬೆಚ್ಚನೆಯೇ ಸಾಕು. ಆದ್ದರಿಂದ ಅನ್ನವನ್ನು ಒಗೆದ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಹಬೆ ಪೂರ್ತಿ ಹೋದ ಮೇಲೆ ಒಗ್ಗರಣೆ ಬೆರೆಸಿ ಕಟ್ಟಬೇಕು. ಹಸಿಕಾಯಿ ತುರಿ ಬೇಡ, ಆಲೂಗಡ್ಡೆ ಪಲ್ಯ ಬೇಡ. ಪೊಟ್ಟಣದ ಮೇಲೆ ಕಟ್ಟಿದ ಹೊತ್ತು ಬರೆದು, ನಾಲ್ಕು ಗಂಟೆಯೊಳಗೆ ಉಣ್ಣುವವರ ಕೈ ಸೇರದಿದ್ದರೆ ಹಂಚಬಾರದು. ಎಷ್ಟೇ ಸಂಕಟವಾದರೂ ಈ ನಿಯಮ ನಾವು ಸಡಿಲಿಸುವುದಿಲ್ಲ. ಒಂದೇ ಶೌಚಾಲಯವಿರುವ ಕೇಂದ್ರದಲ್ಲಿ ನೂರು ಜನಕ್ಕೆ ವಾಂತಿಭೇದಿ ಹತ್ತಿದರೆ ಅದು ನೆರೆಗಿಂತ ದೊಡ್ಡ ಅನಾಹುತ.

ರಸ್ತೆ ಇದ್ದಲ್ಲಿ ಪೊಟ್ಟಣದ ಗೊಡವೆಯೇ ಬೇಡ, ಅಡುಗೆಯನ್ನೇ ಕೇಂದ್ರದ ಪಕ್ಕಕ್ಕೆ ಒಯ್ಯಬೇಕು. ನೂರು ಜನರ ಒಂದು ಊಟಕ್ಕೆ 12 ಕಿಲೋ ಅಕ್ಕಿ, 3 ಕಿಲೋ ತೊಗರಿಬೇಳೆ, 6 ಕಿಲೋ ತರಕಾರಿ. ಸಾರು 25 ಲೀಟರ್ ಬರಬೇಕು. ಬೆಳಿಗ್ಗೆ ಉಪ್ಪಿಟ್ಟಾದರೆ 8 ಕಿಲೋ ರವೆ. ಒಂದು ಕೊಪ್ಪರಿಗೆಗೆ 25 ಕಿಲೋಗಿಂತ ಹೆಚ್ಚು ಅಕ್ಕಿ ಹಾಕಿದರೆ ತಳ ಸೀಯುತ್ತದೆ, ಮೇಲೆ ಹರಳಾಗಿ ಉಳಿಯುತ್ತದೆ. ದೊಡ್ಡದೊಂದಕ್ಕಿಂತ ನಡುವಿನ ಗಾತ್ರದ ಮೂರು ಕೊಪ್ಪರಿಗೆ ವಾಸಿ. 19 ಕಿಲೋ ಸಿಲಿಂಡರ್ ದೊಡ್ಡ ಬರ್ನರಿಗೆ 8ರಿಂದ 10 ಗಂಟೆ ಬರುತ್ತದೆ. ನೆರೆ ಹೊತ್ತಲ್ಲಿ ಏಜೆನ್ಸಿಯ ಗಾಡಿಯೂ ಸಿಕ್ಕಿಹಾಕಿಕೊಳ್ಳುವುದರಿಂದ ಮೂರು ದಿನದ ದಾಸ್ತಾನು ಇರಲಿ. ಶ್ರಾವಣ ಸೋಮವಾರ ಮಧ್ಯಾಹ್ನದ ಲೆಕ್ಕ ಇಳಿಯುತ್ತದೆ, ರಾತ್ರಿಯದು ಏರುತ್ತದೆ. ಒಪ್ಪತ್ತು ಇರುವವರಿಗೆ ಮಧ್ಯಾಹ್ನ ಬಾಳೆಹಣ್ಣು ಇಟ್ಟಿರುತ್ತೇವೆ.

ಆಶ್ರಮದ ಅಡುಗೆಯವರಿಗೆ ಒಂದು ತೊಡಕು ಎದುರಾಗುತ್ತದೆ. ನೈವೇದ್ಯವಾಗುವ ತನಕ ರುಚಿ ನೋಡುವಂತಿಲ್ಲ. ಸಾವಿರ ಜನರ ಸಾರಿಗೆ ಉಪ್ಪು ಹೆಚ್ಚಾದರೆ ಬಡಿಸುವಾಗ ಗೊತ್ತಾಗಿ ಪ್ರಯೋಜನವಿಲ್ಲ. ಆದ್ದರಿಂದ ಮೊದಲ ಕೊಪ್ಪರಿಗೆಯಿಂದ ಒಂದು ಸಣ್ಣ ಪಾತ್ರೆಗೆ ತೆಗೆದು ಅಲ್ಲೇ ನೈವೇದ್ಯ ಮುಗಿಸುತ್ತೇವೆ. ಆಮೇಲೆ ಪ್ರತಿ ಕೊಪ್ಪರಿಗೆಯ ರುಚಿಯನ್ನೂ ಇಬ್ಬರು ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಪ್ರತಿಯೊಂದರಿಂದಲೂ 200 ಗ್ರಾಂನಷ್ಟು ಮಾದರಿಯನ್ನು ಮುಚ್ಚಿದ ಡಬ್ಬಿಯಲ್ಲಿ 24 ಗಂಟೆ ತಣ್ಣಗೆ ಇಟ್ಟಿರುತ್ತಾರೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಆರೋಗ್ಯ ಇಲಾಖೆಯವರು ಮೊದಲು ಕೇಳುವುದು ಅದನ್ನೇ.

ಉಳಿದ ಅನ್ನವನ್ನು ದನಕ್ಕೆ ಸುರಿಯುವುದು ಎಲ್ಲ ಕೇಂದ್ರಗಳಲ್ಲೂ ನಡೆಯುವ ತಪ್ಪು. ಹಸಿದ ದನ ಬುಟ್ಟಿಗಟ್ಟಲೆ ಅನ್ನ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಒಂದೆರಡು ದಿನದಲ್ಲೇ ಸಾಯಬಹುದು. ಎತ್ತು ಕಳೆದುಕೊಂಡ ಮನೆಗೆ ನಮ್ಮ ಹತ್ತು ದಿನದ ದಿನಸಿ ಯಾವ ಲೆಕ್ಕ? ದನಕ್ಕೆ ಬೇಕಾದದ್ದು ಮೇವು. ದೊಡ್ಡ ದನಕ್ಕೆ ದಿನಕ್ಕೆ 5ರಿಂದ 6 ಕಿಲೋ ಒಣ ಕಣಿಕೆಯಾದರೂ (ಜೋಳದ ದಂಟು) ಬೇಕು. ಮುಳುಗಿ ಬಾಡಿದ ಎಳೆ ಜೋಳವನ್ನು ಕೊಯ್ದು ಹಾಕಲೇಬಾರದು, ಅದರಲ್ಲಿ ವಿಷ ಕಟ್ಟುತ್ತದೆ. ಮೇವಿನ ಗಾಡಿಯಿಂದ ಇನ್ನೊಂದು ಉಪಕಾರವೂ ಇದೆ. ದನ ಬಿಟ್ಟು ಬರುವುದಿಲ್ಲ ಎಂದು ಮನೆಯಲ್ಲೇ ಕೂತ ಹಿರಿಯರು ಎತ್ತರದ ಜಾಗದಲ್ಲಿ ಮೇವು ಬಿದ್ದದ್ದು ಕಂಡರೆ ತಾವಾಗಿಯೇ ಹೊರಡುತ್ತಾರೆ.

ಐದನೇ ದಿನಕ್ಕೆ ದಿನಸಿ ಹಂಚುವ ಪಟ್ಟಿಯ ಕೆಲಸ. ರಾಮಕೃಷ್ಣ ಮಿಷನ್ ಹುಟ್ಟಿದ್ದು 1897ರ ಮೇ 1ರಂದು. ಅದೇ ತಿಂಗಳು ಸ್ವಾಮಿ ಅಖಂಡಾನಂದರು ಮುರ್ಷಿದಾಬಾದ್ ಜಿಲ್ಲೆಯ ಮಹುಲಾದಲ್ಲಿ ಬರಪರಿಹಾರಕ್ಕೆ ಇಳಿದಿದ್ದರು. ಅಂದಿನಿಂದ ಎಷ್ಟೋ ಸಂಸ್ಥೆಗಳು ಈ ಕೆಲಸ ಮಾಡಿವೆ, ಕೆಟ್ಟದ್ದೆಲ್ಲ ಹೆಚ್ಚಾಗಿ ಹಂಚುವ ಹೊತ್ತಿನಲ್ಲಿ ಕೆಟ್ಟಿದೆ, ಸಾಮಗ್ರಿಯ ಕೊರತೆಯಿಂದಲ್ಲ. ಲಾರಿಯ ಹಿಂಬಾಗಿಲು ತೆಗೆದು ಎಸೆಯುವುದು ಹಂಚಿಕೆಯಲ್ಲ. ಪಂಕ್ತಿಯಲ್ಲಿ ಕೂರಿಸಿ ಬಡಿಸುವ ರೂಢಿಯವರು ನಾವು. ದಿನಸಿಯೂ ಹಾಗೇ ಮನೆಗೆ ಮುಟ್ಟಬೇಕಾದರೆ ಯಾರಿಗೆ, ಎಷ್ಟು, ಯಾವಾಗ ಎಂಬುದು ಹಿಂದಿನ ರಾತ್ರಿಯೇ ತೀರ್ಮಾನವಾಗಿರಬೇಕು.

ನಾವು ಎಣಿಸುವುದು ಒಲೆಯನ್ನು, ರೇಷನ್ ಕಾರ್ಡನ್ನಲ್ಲ. ಕಾರ್ಡ್ ಒಂದೇ ಇದ್ದು ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿರುತ್ತಾರೆ. ಕಾರ್ಡ್ ನೋಡಿ ಕೊಟ್ಟರೆ ಅಂದೇ ಜಗಳ. ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಆ ಓಣಿಯ ಒಬ್ಬ ಹಿರಿಯರು, ಈ ಮೂವರ ಜೊತೆ ನಮ್ಮವರಿಬ್ಬರು ಮನೆ ಮನೆ ತಿರುಗುತ್ತಾರೆ. ಊರ ಮುಖಂಡರೊಬ್ಬರೇ ಬರೆಸಿದ ಪಟ್ಟಿ ಅವರ ಓಣಿಯಲ್ಲಿ ಉದ್ದವಾಗಿ ಕೇರಿಯಲ್ಲಿ ಗಿಡ್ಡವಾಗಿರುತ್ತದೆ. ಬಾಡಿಗೆಯವರು, ಕಬ್ಬು ಕಡಿಯಲು ಬಂದವರು, ಊರಾಚೆ ಗುಡಾರ ಹಾಕಿದ ಅಲೆಮಾರಿಗಳು, ಒಂಟಿ ಮುದುಕಿಯರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಆದ್ದರಿಂದ ಸರ್ವೆಯನ್ನು ಊರಿನ ಅಂಚಿನಿಂದ ಶುರುಮಾಡಿ ಅಗಸಿಯ (ಊರಬಾಗಿಲು) ಕಡೆಗೆ ಬರುತ್ತೇವೆ. ತಿರುಗುವಾಗಲೇ ಮನೆಯ ಹೆಂಗಸಿನ ಹೆಸರಲ್ಲಿ ಟೋಕನ್: ಅಂಕಿ, ಸ್ಥಳ, ಬರಬೇಕಾದ ಹೊತ್ತು. ಒಂದು ಮೇಜಿಗೆ ಗಂಟೆಗೆ 40 ಮನೆಗಿಂತ ಹೆಚ್ಚು ಕರೆಯಬೇಡಿ. ಪಟ್ಟಿಗಿಂತ ನೂರಕ್ಕೆ ಹತ್ತು ಹೆಚ್ಚಿಗೆ ಗಾಡಿಯಲ್ಲಿರಲಿ, ಆದರೆ ಅದು ಮೇಜಿನ ಹತ್ತಿರ ಕಾಣದಿರಲಿ. ಪಟ್ಟಿಯ ಒಂದು ಪ್ರತಿ ತಹಶೀಲ್ದಾರ್ ಕಚೇರಿಯ ನೋಡಲ್ ಅಧಿಕಾರಿಗೆ ಕೊಟ್ಟರೆ ಇನ್ನೊಂದು ಸಂಸ್ಥೆ ಅದೇ ಓಣಿಗೆ ಬರುವುದು ತಪ್ಪುತ್ತದೆ.

ಐದು ಜನರ ಮನೆಗೆ ಹತ್ತು ದಿನಕ್ಕೆ ನಮ್ಮ ಕಟ್ಟು ಹೀಗೆ: ಅಕ್ಕಿ 10 ಕಿಲೋ, ಜೋಳದ ಹಿಟ್ಟು 5, ತೊಗರಿಬೇಳೆ 2, ಈರುಳ್ಳಿ 2, ಎಣ್ಣೆ 2 ಲೀಟರ್, ಬೆಲ್ಲ, ಉಪ್ಪು, ಖಾರದ ಪುಡಿ, ಚಹಾಪುಡಿ, ಸಾಬೂನು, ಮೇಣದಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ. ಜೋಳ ಕೊಡದೆ ಹಿಟ್ಟು ಕೊಡುವುದು ಗಿರಣಿಗೆ ಕರೆಂಟ್ ಇರುವುದಿಲ್ಲವೆಂದು. ಬೀಸಿದ ಹಿಟ್ಟು ಮಳೆಗಾಲದಲ್ಲಿ ಬೇಗ ಕಮಟುತ್ತದೆ, ಹದಿನೈದು ದಿನಕ್ಕಿಂತ ಹಳೆಯದು ಬೇಡ. ಎಲ್ಲವನ್ನೂ ಒಂದೇ ಮೂಟೆ ಮಾಡಿದರೆ ಹೆಂಗಸರಿಂದ ಹೊರಲಾಗದು. ಅಕ್ಕಿಯ ಚೀಲ ಬೇರೆ, ಉಳಿದದ್ದು ಮುಚ್ಚಳವಿರುವ 20 ಲೀಟರ್ ಬಕೆಟ್ಟಿನಲ್ಲಿ. ಬಕೆಟ್ಟು ಆಮೇಲೆ ನೀರು ತುಂಬಿಡಲು ಆಗುತ್ತದೆ. ಬಕೆಟ್ಟಿನ ಮೇಲೆ ಸ್ವಾಮೀಜಿಯ ಭಾವಚಿತ್ರ ಅಂಟಿಸುವ ಬಗ್ಗೆ ಪ್ರತಿಸಲ ಚರ್ಚೆಯಾಗುತ್ತದೆ, ಪ್ರತಿಸಲ ಬೇಡವೆಂದೇ ಆಗುತ್ತದೆ. ಚಿತ್ರವಿರುವ ಬಕೆಟ್ಟನ್ನು ಬಚ್ಚಲಲ್ಲಿ ಇಡಲು ಜನ ಹಿಂಜರಿಯುತ್ತಾರೆ.

ಹಳೆ ಬಟ್ಟೆ ನಾವು ತೆಗೆದುಕೊಳ್ಳುವುದಿಲ್ಲ. ಆರಿಸಲು ಇಪ್ಪತ್ತು ಜನ ಮೂರು ದಿನ ಕೂರಬೇಕು, ಕೊನೆಗೆ ಅರ್ಧಕ್ಕರ್ಧ ರಸ್ತೆ ಬದಿಯಲ್ಲಿ ನೆನೆಯುತ್ತ ಬಿದ್ದಿರುತ್ತದೆ. ಹೊಸ ಸೀರೆ, ಲಂಗ, ಕುಪ್ಪಸದ ಖಣ, ಟವೆಲ್, ಹೊದಿಕೆ, ಒಳಉಡುಪು, ಪ್ಯಾಡ್ ಕೇಳಿ ಪಡೆಯುತ್ತೇವೆ. ಪ್ಯಾಡ್‌ಗಳನ್ನು ಹೆಂಗಸರೇ, ಹೆಂಗಸರ ಕೋಣೆಯಲ್ಲಿ ಹಂಚುತ್ತಾರೆ.

ನೀರಿನದು ಸಣ್ಣ ಲೆಕ್ಕ, ಆದರೆ ತಪ್ಪುವುದೇ ಹೆಚ್ಚು. ಮುಳುಗಿದ ಬಾವಿಯ ಕೆಸರು ನೀರನ್ನು ಮೊದಲು ಪಂಪಿನಿಂದ ಖಾಲಿ ಮಾಡಬೇಕು. ಹೊಸ ನೀರು ಬಂದ ಮೇಲೆ ಅಳತೆ: 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ 28,000 ಲೀಟರ್ ಚಿಲ್ಲರೆ. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪುಡಿಯಂತೆ 70 ಗ್ರಾಂ. ನೆರೆ ನೀರಿಗೆ ಅದರ ಎರಡರಷ್ಟರಿಂದ ಶುರುಮಾಡುತ್ತೇವೆ. ಪುಡಿಯನ್ನು ಹಾಗೇ ಎರಚಬಾರದು. ಒಂದು ಬಕೆಟ್ಟಿಗೆ 100 ಗ್ರಾಂ ಮೀರದಂತೆ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗಿಳಿಸಿ ಕಲಕಬೇಕು. ಅಡಿಯ ಸುಣ್ಣ ಬಾವಿಗೆ ಬೀಳಬಾರದು. ಒಂದು ಗಂಟೆಯ ಮೇಲೆ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು, ಇಲ್ಲದಿದ್ದರೆ ಮತ್ತೆ ಹಾಕಬೇಕು. ಬಾಯಿ ತೆರೆದಿಟ್ಟ ಹಳೆ ಚೀಲದ ಪುಡಿಗೆ ವಾಸನೆ ಇದ್ದರೂ ಕಸುವಿರುವುದಿಲ್ಲ.

ನೀರು ಇಳಿದ ಮೇಲೆ ಕಾರ್ಯಕರ್ತರಿಗೆ ಹೆಚ್ಚಿನ ಅಪಾಯ. ಮಣ್ಣಿನ ಗೋಡೆ, ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆಗಳು ನೀರಲ್ಲಿ ನಿಂತಾಗ ಬೀಳದೆ, ಆಸರೆಯ ನೀರು ಹೋಗಿ ಬಿಸಿಲು ಬಿದ್ದಾಗ ಕುಸಿಯುತ್ತವೆ. ಬುಡ ಉಬ್ಬಿದ, ಅಡ್ಡ ಬಿರುಕು ಬಿಟ್ಟ ಗೋಡೆಯ ಮನೆಗೆ ಯಾರನ್ನೂ ಬಿಡುವುದಿಲ್ಲ. ಎರೆಮಣ್ಣಿನ ಕೆಸರನ್ನು ಹಸಿಯಿದ್ದಾಗಲೇ ಸಲಿಕೆಯಿಂದ ಎಳೆಯಬೇಕು, ಆರಿದರೆ ಹಾರೆಯೇ ಬೇಕು. ಗಂಬೂಟ್, ಕೈಗವಸು ಇಲ್ಲದೆ ಕೆಸರಿಗಿಳಿಯುವಂತಿಲ್ಲ. ಇಲಿ ಜ್ವರಕ್ಕೆ ಮುಂಜಾಗ್ರತೆಯ ಗುಳಿಗೆಯನ್ನು ವೈದ್ಯರು ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಇನ್ನೊಂದು ಎಚ್ಚರ: ಬಿದ್ದ ಮನೆಯ ಫೋಟೊ, ಅಧಿಕಾರಿಗಳ ಸ್ಥಳ ಪರಿಶೀಲನೆ ಆಗುವ ಮೊದಲು ಅವಶೇಷ ಎತ್ತಬೇಡಿ. 2019ರಲ್ಲಿ ಸರ್ಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ನಮ್ಮ ಉತ್ಸಾಹದ ಸ್ವಚ್ಛತೆಯಿಂದ ಯಾರದೋ ಸಾಕ್ಷ್ಯ ಅಳಿಸಿಹೋಗಬಾರದು. ಆ ಹೊತ್ತಿಗೆ ಅರ್ಜಿ ಬರೆಯುವ ಮೇಜೊಂದನ್ನು ಹಾಕುತ್ತೇವೆ. ಊಟಕ್ಕೆ ಬರುವಷ್ಟೇ ಜನ ಅಲ್ಲಿಗೂ ಬರುತ್ತಾರೆ.

ಲೆಕ್ಕಪತ್ರ ಚುಟುಕಾಗಿ: ನಗದಿಗೂ ವಸ್ತುವಿಗೂ ಬೇರೆ ಬೇರೆ ಪುಸ್ತಕ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ, ವಸ್ತುವಿಗಂತೂ ಇಲ್ಲವೇ ಇಲ್ಲ. ದಾನಿಗಳಿಗೆ ಮೊದಲೇ ಹೇಳಿಬಿಟ್ಟರೆ ಆಮೇಲೆ ಮುಜುಗರವಿಲ್ಲ. ವಿದೇಶದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸಲು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಿಂದೀಚೆಗೆ ಅವಕಾಶವಿಲ್ಲ.

ಅಡುಗೆ ಯಾವಾಗ ನಿಲ್ಲಿಸಬೇಕೆಂಬುದಕ್ಕೂ ಒಲೆಯದೇ ಅಳತೆ. ಸಂಜೆ ಆರರ ಸುಮಾರಿಗೆ ಇಬ್ಬರು ಓಣಿ ಓಣಿ ತಿರುಗಿ ಹೊತ್ತಿದ ಒಲೆ ಎಣಿಸುತ್ತಾರೆ. ಪಟ್ಟಿಯ ಮುಕ್ಕಾಲು ಪಾಲು ಹೊತ್ತಿದ್ದರೆ ಗುಡಿಯ ಮೈಕಿನಲ್ಲಿ ‘ಇನ್ನು ಮೂರು ದಿನ ಮಾತ್ರ’ ಎಂದು ಸಾರುತ್ತೇವೆ. ಹೊತ್ತದ ಒಲೆಗಳ ಹೆಸರು ಬೇರೆ ಹಾಳೆಗೆ ಹೋಗುತ್ತದೆ. ಕಾರಣ ಸೌದೆಯೋ, ಪಾತ್ರೆಯೋ, ಜ್ವರವೋ, ಮನೆಗೆ ಮರಳಲು ಹೆದರಿಕೆಯೋ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತೇವೆ. ಕೊನೆಯ ವಾರದ ಗಾಡಿ ಹೋಗುವುದು ಆ ಹಾಳೆಯನ್ನು ಹಿಡಿದುಕೊಂಡು.